ಸೋರುವ ಆಯಿಲ್ ಚೇಂಬರಿಗೆ ತಾತ್ಕಾಲಿಕ ತೇಪೆ

— ಬೋಟಿನ ಡೀಸೆಲ್ ಎಂಜಿನ್ನಿನ ಅಡಿಗೆ ಬೋಲ್ಟು ಹಾಕಿ ಕೂರಿಸಿರುವ ತಗಡಿನ ತೊಟ್ಟಿಯೇ ಆಯಿಲ್ ಪ್ಯಾನ್. ಬಂದರಿನ ಧಕ್ಕೆಯ ಮೆಕ್ಯಾನಿಕರು ಅದನ್ನು ಚೇಂಬರ್ ಎನ್ನುತ್ತಾರೆ. ಎಂಜಿನ್ನಿನ ಒಳಗೆಲ್ಲ ಸುತ್ತಾಡಿದ ಎಣ್ಣೆ ಕೊನೆಗೆ ಇಳಿದು ನಿಲ್ಲುವುದು ಇಲ್ಲಿ. ಪಂಪು ಅದನ್ನು ಮತ್ತೆ ಹೀರಿ ಬೇರಿಂಗುಗಳಿಗೆ ಕಳಿಸುವುದೂ ಇಲ್ಲಿಂದಲೇ. ಆರು ಸಿಲಿಂಡರಿನ ಎಂಜಿನ್ನಿಗೆ ಹತ್ತು ಲೀಟರಿಗೂ ಮೀರಿ ಎಣ್ಣೆ ಹಿಡಿಯುತ್ತದೆ. ಅಷ್ಟನ್ನೂ ಹೊತ್ತಿರುವ ಉಕ್ಕಿನ ತಗಡಿನ ದಪ್ಪ ಸಾಮಾನ್ಯವಾಗಿ 1.5ರಿಂದ 2 ಮಿಲಿಮೀಟರ್.

— ಅಂಥದೇ ತಗಡು ಲಾರಿಯ ಅಡಿಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಬೋಟಿನಲ್ಲಿ ಬೇಗ ತೂತಾಗಲು ಕಾರಣ?

— ಲಾರಿಯ ಚೇಂಬರ್ ಮಳೆಯಲ್ಲಿ ನೆನೆದರೂ ಗಾಳಿಗೆ ಒಣಗುತ್ತದೆ. ಬೋಟಿನದು ಒಣಗುವುದಿಲ್ಲ. ಅದು ನೇತಾಡುವುದು ಬಿಲ್ಜಿನ ಮೇಲೆ, ಅಂದರೆ ಒಡಲಿನ ತೀರ ತಗ್ಗಿನಲ್ಲಿ. ಬೋಟಿನೊಳಗಿನ ಸಕಲ ಸೋರಿಕೆಯೂ ಹರಿದು ಸೇರುವ ಜಾಗ ಅದು. ಪ್ರೊಪೆಲ್ಲರ್ ಶಾಫ್ಟು ಹೊರಹೋಗುವಲ್ಲಿನ ಸ್ಟಫಿಂಗ್ ಬಾಕ್ಸ್ ಹನಿ ಬಿಡುತ್ತದೆ. ಕಡಲನೀರಿನ ಪಂಪಿನ ಸೀಲು ಸವೆದರೆ ಉಪ್ಪುನೀರು ನೇರವಾಗಿ ಚೇಂಬರಿನ ಮೈಮೇಲೆ ಇಳಿಯುತ್ತದೆ. ಎಂಜಿನ್ ಬಿಸಿಯಾದಾಗ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ, ತಣ್ಣಗಾದಾಗ ಆ ಉಪ್ಪು ತೇವ ಹೀರಿಕೊಳ್ಳುತ್ತದೆ. ಬಣ್ಣ ಎದ್ದ ಕಡೆ ತುಕ್ಕು ಗುಳಿ ತೋಡುತ್ತದೆ. ಬಿಲ್ಜಿಗೆ ಬಿದ್ದ ಒದ್ದೆ ಬಟ್ಟೆಯ ಚೂರು ತಗಡಿಗೆ ಅಂಟಿಕೊಂಡರೆ ಅಷ್ಟೇ ಜಾಗ ಮೊದಲು ತೂತಾಗುತ್ತದೆ. ಅಲ್ಯೂಮಿನಿಯಂ ಎರಕದ ಚೇಂಬರಿನಲ್ಲಿ ಕೆಂಪು ತುಕ್ಕಿನ ಬದಲು ಬಿಳಿ ಹಿಟ್ಟು ಕಾಣಿಸುತ್ತದೆ, ಫಲ ಒಂದೇ.

— ತೂತಾದ ಚೇಂಬರನ್ನು ಬಿಚ್ಚಿ ಹೊಸದು ಹಾಕುವುದು ಸರಿಯಾದ ದಾರಿ. ಮಧ್ಯದಲ್ಲಿ ತೇಪೆಯ ಮಾತು ಯಾಕೆ?

— ಬಿಚ್ಚಲು ಜಾಗವಿಲ್ಲ ಎಂಬುದೇ ಕಾರಣ. ಹೆಚ್ಚಿನ ಬೋಟುಗಳಲ್ಲಿ ಚೇಂಬರಿಗೂ ಒಡಲಿಗೂ ನಡುವೆ ಕೈಬೆರಳು ತೂರಿಸುವಷ್ಟು ಸಂದು ಇದ್ದರೆ ಹೆಚ್ಚು. ಎರಡೂ ಪಕ್ಕದಲ್ಲಿ ಎಂಜಿನ್ ಕೂತಿರುವ ತೊಲೆಗಳು. ಬೋಲ್ಟುಗಳನ್ನೆಲ್ಲ ಬಿಚ್ಚಿದರೂ ಚೇಂಬರ್ ಕೆಳಗಿಳಿದು ಹೊರಬರಲು ದಾರಿಯಿಲ್ಲ, ಒಳಗಿನ ಹೀರುಕೊಳವೆ ಅಡ್ಡ ಬರುತ್ತದೆ. ಶಾಫ್ಟಿನ ಜೋಡಣೆ, ಎಕ್ಸಾಸ್ಟ್, ಡೀಸೆಲ್ ಮತ್ತು ನೀರಿನ ಪೈಪು ಎಲ್ಲ ಕಳಚಿ, ಚೈನ್ ಬ್ಲಾಕಿನಲ್ಲಿ ಎಂಜಿನ್ ಎತ್ತಬೇಕು; ಮರಳಿ ಕೂರಿಸುವಾಗ ಶಾಫ್ಟಿನ ನೇರ ಹೊಂದಿಸಬೇಕು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಎಂಜಿನ್ ಎತ್ತುವಂಥ ದೊಡ್ಡ ಕೆಲಸಗಳಿಗೆ ಹೊಂದುವ ಕಾಲ ಅದೇ. ಜನವರಿಯಲ್ಲಿ ಕಾಣಿಸಿಕೊಂಡ ತೂತು ಜೂನ್‌ವರೆಗೆ ಕಾಯುವಂತೆ ಮಾಡುವುದು ತೇಪೆಯ ಕೆಲಸ. ಅದರ ಆಯುಷ್ಯವನ್ನು ಹಾಕುವ ದಿನವೇ ಗೊತ್ತುಮಾಡಿಕೊಳ್ಳಬೇಕು. ಗಡುವಿಲ್ಲದ ತೇಪೆಯನ್ನು ತಾತ್ಕಾಲಿಕ ಎನ್ನಲು ಬರುವುದಿಲ್ಲ.

— ಸೋರಿಕೆ ಎಷ್ಟಿದ್ದರೆ ಅದನ್ನು ಗಂಭೀರವೆಂದು ಎಣಿಸಬೇಕು?

— ಸೆಕೆಂಡಿಗೆ ಒಂದು ಹನಿ ಎಂದರೆ ಅಲಕ್ಷ್ಯ ಮಾಡುವವರು ಬಹಳ. ಗಂಟೆಗೆ 3,600 ಹನಿ. ಎಣ್ಣೆಯ ಹನಿ ನೀರಿನ ಹನಿಗಿಂತ ಚಿಕ್ಕದೆಂದು ಹಿಡಿದರೂ 100 ಮಿಲಿಲೀಟರಿಗೆ ಕಡಿಮೆಯಾಗದು. ದಿನಕ್ಕೆ ಎರಡೂವರೆ ಲೀಟರ್ ಆಯಿತು. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ವಾರಗಟ್ಟಲೆ ಹೊರಗಿರುತ್ತದೆ. ಅಷ್ಟರಲ್ಲಿ ಚೇಂಬರಿನ ಪೂರ್ತಿ ಎಣ್ಣೆ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದಷ್ಟು ನಷ್ಟ. ಎಣ್ಣೆ ತಗ್ಗಿದಾಗ ಬೋಟು ಅಲೆಗೆ ಓಲಾಡಿದರೆ ಹೀರುಕೊಳವೆಯ ಬಾಯಿ ಎಣ್ಣೆಯಿಂದ ಹೊರಬಿದ್ದು ಗಾಳಿ ಹೀರುತ್ತದೆ. ಪ್ರೆಶರ್ ಮುಳ್ಳು ಒಂದು ಕ್ಷಣ ಬಿದ್ದು ಏಳುವುದು ಅದರ ಗುರುತು. ಆ ಕ್ಷಣಗಳು ಸೇರುತ್ತ ಹೋದಂತೆ ಬೇರಿಂಗಿನ ಮೇಲ್ಪದರ ಉಜ್ಜಿಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದರ ಕಡೆ ಗಮನ ಹೋಗುವುದು ಕಡಿಮೆ. ತೂತಿನಿಂದ ಎಣ್ಣೆ ಹೊರಬರುವ ಹಾಗೆ ನೀರೂ ಒಳಹೋಗಬಲ್ಲದು. ರಾತ್ರಿ ಧಕ್ಕೆಯಲ್ಲಿ ನಿಂತ ಬೋಟಿನ ಬಿಲ್ಜಿನಲ್ಲಿ ನೀರು ಏರಿ ತೂತಿನ ಮಟ್ಟ ದಾಟಿದರೆ ಉಪ್ಪುನೀರು ಚೇಂಬರಿಗೆ ನುಗ್ಗುತ್ತದೆ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಹೀರುಕೊಳವೆಯ ಬಾಯಿ ಇರುವುದೂ ತಳದ ಹತ್ತಿರವೇ. ಬೆಳಿಗ್ಗೆ ಎಂಜಿನ್ ಎಬ್ಬಿಸಿದರೆ ಬೇರಿಂಗಿಗೆ ಮೊದಲು ಹೋಗುವುದು ಕಡಲನೀರು. ಡಿಪ್‌ಸ್ಟಿಕ್ಕಿನ ಮಟ್ಟ ರಾತ್ರೋರಾತ್ರಿ ಏರಿದ್ದರೆ ಸಂತೋಷಪಡಬಾರದು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಾಯಿತು. ಅಂಥ ಎಣ್ಣೆಯನ್ನು ಪೂರ್ತಿ ತೆಗೆಯದೆ ಎಂಜಿನ್ ಮುಟ್ಟಬಾರದು.

— ಚೇಂಬರಿನ ಅಡಿ ಎಣ್ಣೆಯಾಗಿದೆ ಎಂದರೆ ಚೇಂಬರೇ ತೂತಾಗಿದೆ ಎಂದು ಹೇಳಬಹುದೇ?

— ಹೇಳಲಾಗದು. ಎಲ್ಲಿ ಸೋರಿದರೂ ಎಣ್ಣೆ ಕೆಳಕ್ಕೇ ಬರುತ್ತದೆ, ಕೆಳಗಿರುವುದು ಚೇಂಬರ್. ವಾಲ್ವ್ ಕವರಿನ ಪ್ಯಾಕಿಂಗ್, ಫಿಲ್ಟರಿನ ರಬ್ಬರು, ಆಯಿಲ್ ಕೂಲರಿನ ಪೈಪು, ಡಿಪ್‌ಸ್ಟಿಕ್ಕಿನ ಕೊಳವೆಯ ಬುಡ, ಕ್ರ್ಯಾಂಕಿನ ಹಿಂದಿನ ಸೀಲು, ಎಲ್ಲದರ ಎಣ್ಣೆಯೂ ಚೇಂಬರಿನ ತಳದಿಂದಲೇ ತೊಟ್ಟಿಕ್ಕುತ್ತದೆ. ಸೀಲು ಸೋರುವಾಗ ಚೇಂಬರಿಗೆ ತೇಪೆ ಹಾಕಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಮೊದಲು ಇಡೀ ಅಡಿಭಾಗವನ್ನು ಡಿಗ್ರೀಸರಿನಿಂದ ತೊಳೆದು ಒಣಗಿಸಬೇಕು. ಟಾಲ್ಕಮ್ ಪೌಡರ್ ಎರಚಿದರೆ ತೆಳುವಾಗಿ ಕೂರುತ್ತದೆ. ಎಂಜಿನ್ ನಿಲ್ಲಿಸಿಯೇ ಒಂದೆರಡು ಗಂಟೆ ಬಿಟ್ಟು ನೋಡುವುದು ಮೊದಲ ಹೆಜ್ಜೆ, ನಿಧಾನ ವೇಗದಲ್ಲಿ ಓಡಿಸಿ ನೋಡುವುದು ಎರಡನೆಯದು. ನಿಂತಾಗಲೂ ಪೌಡರಿನಲ್ಲಿ ಒದ್ದೆ ಚುಕ್ಕೆ ಹುಟ್ಟಿ ಹರಡಿದರೆ ತೂತೋ ಪ್ಯಾಕಿಂಗೋ ಚೇಂಬರಿನದೇ. ಓಡುವಾಗ ಮಾತ್ರ ಸೋರಿದರೆ ಒತ್ತಡದ ಭಾಗದ ಮೇಲೆ ಅನುಮಾನ. ತಲೆ ತೂರದ ಜಾಗಕ್ಕೆ ಮೊಬೈಲಿನ ಕ್ಯಾಮೆರಾ ಈಗ ಕನ್ನಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಫ್ಲೈವೀಲಿನ ಗೂಡಿನ ತಳದಿಂದ ತೊಟ್ಟಿಕ್ಕಿದರೆ ಹಿಂದಿನ ಸೀಲು, ತೇಪೆಗೆ ಅಲ್ಲಿ ಕೆಲಸವಿಲ್ಲ. ಚೇಂಬರಿನ ಅಂಚಿನುದ್ದಕ್ಕೂ ಜಿನುಗಿದರೆ ಪ್ಯಾಕಿಂಗ್. ನಡುಕಕ್ಕೆ ಸಡಿಲಾದ ಬೋಲ್ಟುಗಳನ್ನು ಎದುರುಬದುರಾಗಿ, ಹದವಾಗಿ ಬಿಗಿದರೆ ಹಲವೊಮ್ಮೆ ನಿಲ್ಲುತ್ತದೆ. ಅತಿಯಾಗಿ ಬಿಗಿದರೆ ಬೋಲ್ಟಿನ ಸುತ್ತ ತಗಡು ಗುಳಿಬಿದ್ದು ನಡುವಿನ ಭಾಗ ಬಾಯಿಬಿಡುತ್ತದೆ. ಡ್ರೇನ್ ನಟ್ಟಿನ ಸುತ್ತ ಸೋರಿದರೆ ತಾಮ್ರದ ವಾಷರ್ ನೋಡಬೇಕು. ಹೊಸದು ಸಿಗದಿದ್ದರೆ ಹಳೆಯದನ್ನೇ ಮಸುಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗಿ ಮತ್ತೆ ಒತ್ತಿಕೊಳ್ಳುತ್ತದೆ. ಉಕ್ಕಿಗೆ ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರಕ್ಕೆ ತದ್ವಿರುದ್ಧ.

— ತಗಡಿನಲ್ಲೇ ಸೂಜಿತೂತು ಇದೆ ಎಂದು ಖಚಿತವಾಯಿತು ಎನ್ನೋಣ. ಬಿಸಿ ಎಣ್ಣೆ, ಎಂಜಿನ್ನಿನ ನಡುಕ; ಹೊರಗಿನಿಂದ ಮೆತ್ತಿದ್ದು ನಿಲ್ಲುತ್ತದೆ ಎಂದು ನಂಬುವುದು ಹೇಗೆ?

— ಚೇಂಬರಿನಲ್ಲಿ ಒತ್ತಡವಿಲ್ಲ ಎಂಬ ಒಂದೇ ಕಾರಣಕ್ಕೆ. ಪಂಪು ದಾಟಿದ ಮೇಲಿನ ಎಣ್ಣೆಗೆ ಎಂಜಿನ್ ಓಡುವಾಗ ಸುಮಾರು 3ರಿಂದ 5 ಬಾರ್ ಒತ್ತಡ. ಚೇಂಬರಿನ ತಳಕ್ಕೆ ಬೀಳುವುದು ನಿಂತ ಎಣ್ಣೆಯ ಭಾರ ಮಾತ್ರ. 20 ಸೆಂಟಿಮೀಟರ್ ಎಣ್ಣೆ ಇದ್ದರೆ 0.02 ಬಾರ್ ಕೂಡ ಆಗುವುದಿಲ್ಲ. ಫಿಲ್ಟರಿನ ಪೈಪಿನ ಮೇಲೆ ನಿಮಿಷವೂ ನಿಲ್ಲದ ತೇಪೆ ಇಲ್ಲಿ ತಿಂಗಳುಗಟ್ಟಲೆ ನಿಲ್ಲಬಲ್ಲದು. ಒಂದು ಅಪವಾದವಿದೆ: ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿಕೊಂಡಿದ್ದರೆ ಪಿಸ್ಟನ್ ದಾಟಿ ಬರುವ ಹೊಗೆ ಒಳಗೇ ಉಳಿದು ಎಣ್ಣೆಯನ್ನು ಸಿಕ್ಕ ಸಂದಿಯಿಂದೆಲ್ಲ ತಳ್ಳುತ್ತದೆ. ಬ್ರೀದರ್ ಬಿಡಿಸಿದ್ದಕ್ಕೇ ಅರ್ಧ ಸೋರಿಕೆ ನಿಂತರೂ ಆಶ್ಚರ್ಯವಿಲ್ಲ.

— ವೆಲ್ಡಿಂಗ್ ಮಾಡಿದರೆ ಇದಕ್ಕಿಂತ ಗಟ್ಟಿಯಲ್ಲವೇ?

— ಬೋಟಿನೊಳಗೆ, ಎಂಜಿನ್ ಕೂತಲ್ಲೇ? ಬಿಲ್ಜಿನಲ್ಲಿ ಎಣ್ಣೆ, ಡೀಸೆಲ್ ಆವಿ, ಸುತ್ತ ಮರ ಇಲ್ಲವೇ ಫೈಬರ್. ತುಕ್ಕು ತಿಂದ ತಗಡಿಗೆ ಕಿಡಿ ತಾಗಿದರೆ ಸೂಜಿತೂತು ಹೆಬ್ಬೆರಳು ಗಾತ್ರವಾಗುತ್ತದೆ. ವೆಲ್ಡಿಂಗ್ ಆಗಬೇಕಾದದ್ದು ಚೇಂಬರ್ ಬಿಚ್ಚಿ ಹೊರತಂದ ಮೇಲೆ.

— ಡೀಸೆಲ್ ಟ್ಯಾಂಕಿನ ತೂತಿಗೆ ಸಾಬೂನು ಒತ್ತುವುದುಂಟು.

— ದಡ ಸೇರಲು ಗಂಟೆಗಳಷ್ಟೇ ಉಳಿದಿದ್ದರೆ ಸಾಬೂನು ತಪ್ಪಲ್ಲ. ಆದರೆ ಎಂಜಿನ್ ಎಣ್ಣೆ ಕೆಲಸದ ವೇಳೆ 90ರಿಂದ 110 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಸಾಬೂನು ಮೆತ್ತಗಾಗಿ ಜಾರುತ್ತದೆ. ಸೈಕಲ್ ಟ್ಯೂಬಿನ ತುಂಡಿಟ್ಟು ಬಿಗಿಯುವುದೂ ಅಂಥದೇ. ಆ ಜಾತಿಯ ರಬ್ಬರು ಎಣ್ಣೆ ಕುಡಿದು ಊದಿ ಮೆತ್ತಗಾಗುತ್ತದೆ. ಎಣ್ಣೆ ತಡೆಯುವುದು ನೈಟ್ರೈಲ್ ರಬ್ಬರು. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ಒಣಗುವಾಗ ಬಿಡುವ ಆಮ್ಲ ಉಕ್ಕನ್ನೇ ತಿನ್ನುತ್ತದೆ. ದೋಣಿಗೆ ಫೈಬರ್ ಹಾಕುವ ಪಾಲಿಯೆಸ್ಟರ್ ರಾಳವೂ ಉಕ್ಕಿಗೆ ಚೆನ್ನಾಗಿ ಹತ್ತುವುದಿಲ್ಲ.

ಉಳಿಯುವುದು ಎರಡು ಭಾಗ ಬೆರೆಸುವ ಎಪಾಕ್ಸಿ. ಎಂ-ಸೀಲ್, ಅರಾಲ್ಡೈಟ್ ಕರಾವಳಿಯ ಹಾರ್ಡ್‌ವೇರ್ ಅಂಗಡಿಯಲ್ಲೆಲ್ಲ ಸಿಗುತ್ತವೆ. ಆದರೆ ಮಾಮೂಲಿ ಎಪಾಕ್ಸಿ, ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದದ್ದು, 60 ಡಿಗ್ರಿಯ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಉಕ್ಕಿನ ಪುಡಿ ಬೆರೆತ, ಶಾಖ ತಡೆಯುವ ಬಗೆ ಸಿಕ್ಕರೆ ಅದೇ ಉತ್ತಮ. ಪೊಟ್ಟಣದ ಮೇಲೆ ತಾಳಿಕೆಯ ಉಷ್ಣತೆ ಬರೆದಿರುತ್ತದೆ. ಅಂಗಡಿಯಲ್ಲೇ ಓದಿಕೊಳ್ಳುವುದು ಒಳ್ಳೆಯದು. ಜೊತೆಗೆ ಉಕ್ಕಿಗಿಂತ ಎಪಾಕ್ಸಿ ಬಿಸಿಗೆ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಪುಡಿ ಬೆರೆತಾಗ ಆ ಅಂತರ ತಗ್ಗುತ್ತದೆ, ಅಂಚು ಏಳುವುದು ತಡವಾಗುತ್ತದೆ.

— ಹಾಕುವ ಕ್ರಮ?

— ಮೆತ್ತುವುದು ಹತ್ತು ನಿಮಿಷದ ಕೆಲಸ, ಅದಕ್ಕೆ ಮುಂಚಿನದು ಒಂದಿಡೀ ದಿನ. ಬಿಲ್ಜ್ ಪಂಪಿನ ಆಟೋಮ್ಯಾಟಿಕ್ ಸ್ವಿಚ್ ಮೊದಲು ಬಂದ್ ಆಗಬೇಕು, ಇಲ್ಲದಿದ್ದರೆ ಸೋರಿದ ಎಣ್ಣೆಯೆಲ್ಲ ಅಳಿವೆಯ ಪಾಲು. ಸ್ವಿಚ್ ಬಂದ್ ಇರುವಷ್ಟು ಹೊತ್ತೂ ಬಿಲ್ಜಿನ ನೀರಿನ ಮೇಲೆ ಯಾರಾದರೂ ಕಣ್ಣಿಟ್ಟಿರಲೇಬೇಕು. ಎಂಜಿನ್ ಸ್ವಲ್ಪ ಬಿಸಿ ಮಾಡಿದರೆ ಎಣ್ಣೆ ತೆಳುವಾಗುತ್ತದೆ; ಡಿಪ್‌ಸ್ಟಿಕ್ಕಿನ ಕೊಳವೆಯಿಂದ ಕೈಪಂಪಿನಲ್ಲಿ ಹೀರಿ ಡಬ್ಬಿಗೆ ತುಂಬಬೇಕು. ಡ್ರೇನ್ ನಟ್ಟು ಇದ್ದರೂ ಅದರಡಿಗೆ ಪಾತ್ರೆ ಇಡಲು ಬೋಟಿನಲ್ಲಿ ಜಾಗ ಇರುವುದು ಅಪರೂಪ. ಎಣ್ಣೆಯಲ್ಲಿ ನೀರು ಬೆರೆತ ಅನುಮಾನ ಇದ್ದರೆ ಬಿಸಿ ಮಾಡುವ ಮಾತಿಲ್ಲ, ತಣ್ಣಗಿದ್ದಂತೆಯೇ ಹೀರಬೇಕು.

ಆಮೇಲೆ ತುಕ್ಕು. ಚಕ್ಕೆಗಳನ್ನು ಕೆರೆದು, ತಂತಿ ಬ್ರಷ್ ಆಡಿಸಿ, 80ರ ಉಪ್ಪುಕಾಗದದಲ್ಲಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು, ತೂತಿನ ಸುತ್ತ ಎರಡು ಮೂರು ಸೆಂಟಿಮೀಟರ್ ಅಗಲಕ್ಕೆ. ಉಜ್ಜುತ್ತ ಹೋದಂತೆ ತೂತು ದೊಡ್ಡದಾಗುವುದುಂಟು, ಪಕ್ಕದಲ್ಲಿ ಇನ್ನೊಂದು ಹುಟ್ಟುವುದೂ ಉಂಟು. ಗಾಬರಿ ಬೇಡ; ಅದು ತುಕ್ಕಿನ ಪದರದಡಿ ಮೊದಲೇ ಇದ್ದದ್ದು. ಬೆರಳಿನಿಂದ ಒತ್ತಿದರೆ ಅಂಗೈಯಗಲ ತಗಡು ಬಾಗುವಂತಿದ್ದರೆ ಮಾತ್ರ ತೇಪೆಯ ಯೋಚನೆ ಕೈಬಿಟ್ಟು ಎಂಜಿನ್ ಎತ್ತುವುದೇ ವಿವೇಕ. ಕೊನೆಗೆ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ, ಬಟ್ಟೆಗೆ ಕಪ್ಪು ಹತ್ತದಷ್ಟು ಸಲ ಒರೆಸಬೇಕು. ಅಸಿಟೋನಿನ ಆವಿ ಗಾಳಿಗಿಂತ ಭಾರವಾಗಿ ಬಿಲ್ಜಿನಲ್ಲೇ ನಿಲ್ಲುತ್ತದೆ, ಒಂದು ಕಿಡಿ ಸಾಕು. ಬ್ಯಾಟರಿ ಕಳಚಿ, ಮುಚ್ಚಳಗಳನ್ನೆಲ್ಲ ತೆರೆದು, ಬೀಡಿ ಸೇದುವವರನ್ನು ದೂರ ಕಳಿಸಿಯೇ ಅದರ ಸೀಸೆ ತೆಗೆಯಬೇಕು.

— ಎಷ್ಟು ಒರೆಸಿದರೂ ತೂತಿನಿಂದ ಎಣ್ಣೆಯ ಹನಿ ಮತ್ತೆ ಇಣುಕುತ್ತದೆ. ಒಳಗಿನ ಗೋಡೆಗಳಿಂದ ದಿನಗಟ್ಟಲೆ ಇಳಿಯುತ್ತಲೇ ಇರುತ್ತದೆ. ಎಣ್ಣೆಯ ಮೇಲೆ ಎಪಾಕ್ಸಿ ಹತ್ತುತ್ತದೆಯೇ?

— ಹತ್ತುವುದಿಲ್ಲ, ತೇಪೆಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಒಂದು ರಾತ್ರಿ ಇಳಿಯಲು ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಹೀರಿ ತೆಗೆಯುವುದು ಸುಲಭದ ಉಪಾಯ. ಅದೂ ಸಾಲದಿದ್ದರೆ ಎಂಜಿನ್ನಿನೊಳಗೆ ತುಸು ನಿರ್ವಾತ ಉಂಟುಮಾಡಬಹುದು: ಬ್ರೀದರಿಗೆ ಬಟ್ಟೆ ತುರುಕಿ, ಎಣ್ಣೆ ಹಾಕುವ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸಡಿಲವಾಗಿ ಹಿಡಿದರೆ ತೂತಿನಲ್ಲಿ ಗಾಳಿ ಹೊರಗಿನಿಂದ ಒಳಗೆ ಹೋಗುತ್ತದೆ, ಎಣ್ಣೆ ಹೊರಗೆ ಬಾರದು. ಆಗ ಮೆತ್ತಿದ ಎಪಾಕ್ಸಿ ತೂತಿನೊಳಕ್ಕೆ ಕೂದಲೆಳೆಯಷ್ಟು ಸೇದಿಕೊಂಡು ಮೊಳೆಯಂತೆ ಹಿಡಿಯುತ್ತದೆ. ಅಸಿಟೋನಿನ ಆವಿ ಪೂರ್ತಿ ಹೋಗುವ ಮುಂಚೆ ಈ ಯಂತ್ರಕ್ಕೆ ಕರೆಂಟು ಕೊಡಬಾರದು, ಅದರ ಮೋಟಾರಿನಲ್ಲೂ ಕಿಡಿಯಿದೆ. ಸೇದುವುದು ಜೋರಾದರೆ ಎಪಾಕ್ಸಿಯ ಉಂಡೆಯೇ ಒಳಗೆ ಬೀಳಬಹುದು. ಸಡಿಲವಾಗಿ ಹಿಡಿಯಬೇಕೆನ್ನುವುದು ಅದಕ್ಕೇ. ಒಳಗೆ ಬಿದ್ದ ಯಾವ ಚೂರಾದರೂ ಹೀರುಕೊಳವೆಯ ಜಾಲರಿಗೆ ಹೋಗಿ ಅಂಟುತ್ತದೆ.

— ಕೈ ತೂರದ ಜಾಗದಲ್ಲಿ ಮೆತ್ತುವುದು?

— ಎಪಾಕ್ಸಿಯ ಎರಡು ಭಾಗಗಳನ್ನು ಒಂದೇ ಬಣ್ಣ ಬರುವವರೆಗೆ ನಾದಿ, ಪ್ಲಾಸ್ಟಿಕ್ ಹಾಳೆಯ ತುಂಡಿನ ಮೇಲೆ ರೊಟ್ಟಿಯಂತೆ ತಟ್ಟಿ, ಹಾಳೆ ಸಮೇತ ಸಂದಿಗೆ ತೂರಿಸಿ ತೂತಿನ ಮೇಲೆ ಒತ್ತಬೇಕು. ನಡುವೆ ದಪ್ಪ, ಅಂಚಿಗೆ ತೆಳು. ದಪ್ಪ ಅಂಚು ಬೇಗ ಏಳುತ್ತದೆ. ಹಾಳೆಯನ್ನು ಗಟ್ಟಿಯಾಗುವವರೆಗೂ ಹಾಗೇ ಬಿಡಬಹುದು. ತೂತು ಬೆಂಕಿಕಡ್ಡಿಯ ತಲೆಗಿಂತ ದೊಡ್ಡದಿದ್ದರೆ, ಅಥವಾ ಗುಂಪಾಗಿದ್ದರೆ, ಮೇಲೊಂದು ಗ್ಲಾಸ್ ಬಟ್ಟೆಯ ತುಂಡನ್ನು ತೆಳು ಎಪಾಕ್ಸಿಯಲ್ಲಿ ನೆನೆಸಿ ಹೊದಿಸಬೇಕು. ಒಂಟಿ ದುಂಡು ತೂತಿಗೆ ನೈಟ್ರೈಲ್ ವಾಷರ್ ಹಾಕಿದ ತಗಡಿನ ಸ್ಕ್ರೂ ತಿರುಗಿಸಿ ಸುತ್ತ ಎಪಾಕ್ಸಿ ಮೆತ್ತುವವರೂ ಇದ್ದಾರೆ. ತಗಡು ಗಟ್ಟಿಯಿದ್ದಲ್ಲಿ ಅದು ಸರಿ, ತುಕ್ಕು ತಿಂದಲ್ಲಿ ಸ್ಕ್ರೂ ತೂತನ್ನು ಹಿಗ್ಗಿಸುತ್ತದಷ್ಟೆ.

ಮರದ ತುಂಡನ್ನು ಒಡಲಿಗೂ ಚೇಂಬರಿಗೂ ನಡುವೆ ಬೆಣೆಯಾಗಿ ಹೊಡೆದು ತೇಪೆಯನ್ನು ಎತ್ತಿಹಿಡಿಯುವುದುಂಟು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿದ್ದರೆ ಅದು ಕೆಡುಕೇ, ಓಡುವಾಗ ಎಂಜಿನ್ ಕುಣಿಯುತ್ತದೆ, ಬೆಣೆ ಕುಣಿಯದು, ತೇಪೆಯೇ ಜಜ್ಜಿಹೋಗುತ್ತದೆ. ಗಟ್ಟಿಯಾಗುವವರೆಗೆ ಬೆಣೆ ಇಟ್ಟು, ಎಂಜಿನ್ ಎಬ್ಬಿಸುವ ಮುನ್ನ ತೆಗೆಯಬೇಕು.

— ಗಟ್ಟಿಯಾಗಲು ಎಷ್ಟು ಹೊತ್ತು?

— ಬೇಗ ಹಿಡಿಯುವ ಬಗೆ ಒಂದು ಗಂಟೆಯಲ್ಲಿ ಕೈಗೆ ಗಟ್ಟಿ ಎನಿಸುತ್ತದೆ; ಆದರೂ ಪೂರ್ತಿ ಬಲಕ್ಕೆ ಒಂದು ದಿನ ಕೊಡುವುದೇ ಲೇಸು. ಮಂಗಳೂರಿನ 30 ಡಿಗ್ರಿಯ ಹವೆ ಇದಕ್ಕೆ ಅನುಕೂಲ, ಶೀತದೇಶಗಳಲ್ಲಿ ದೀಪ ಉರಿಸಿ ಕಾಯಿಸಬೇಕಾಗುತ್ತದೆ. ಬಳಿಕ ಎಣ್ಣೆ ತುಂಬಿ ಎಂಜಿನ್ ಮುಟ್ಟದೆ ಎರಡು ಗಂಟೆ. ಅಡಿಗೆ ಹಾಸಿದ ಕಾಗದ ಒಣಗಿದ್ದರೆ ನಿಧಾನ ವೇಗದಲ್ಲಿ ಅರ್ಧ ಗಂಟೆ. ಅದೂ ಸರಿಹೋದರೆ ಬಂದರಿನೊಳಗೇ ಭಾರ ಕೊಟ್ಟು ಎಣ್ಣೆ ಪೂರ್ತಿ ಬಿಸಿಯಾಗುವವರೆಗೆ. ತಣ್ಣಗಾದ ಮೇಲೆ ಇನ್ನೊಮ್ಮೆ ಅಂಚು ತಡವಿ ನೋಡಬೇಕು. ಬಿಸಿಯಲ್ಲಿ ಹಿಡಿದಿದ್ದ ತೇಪೆ ತಣಿಯುವಾಗ ಬಿರಿಯುವುದುಂಟು.

— ಕಡಲಿಗೆ ಹೋದ ಮೇಲೆ?

— ಬೋಟು ನಡೆಸುವ ತಾಂಡೇಲನಿಗೆ ತೇಪೆಯ ಸಂಗತಿ ಗೊತ್ತಿರಬೇಕು. ಇದನ್ನು ಬರೆಯಬೇಕಾಗಿ ಬರುವುದೇ ವಿಚಿತ್ರ, ಆದರೆ ಮೆಕ್ಯಾನಿಕ್ ಮತ್ತು ಮಾಲೀಕರ ನಡುವೆಯೇ ಮುಗಿದುಹೋಗುವ ಮಾತು ಅದು. ಎಂಜಿನ್ ಎಬ್ಬಿಸುವ ಮುನ್ನ ಪ್ರತಿ ಸಲ ಡಿಪ್‌ಸ್ಟಿಕ್: ಮಟ್ಟ ಇಳಿದಿದ್ದರೆ ಸೋರಿಕೆ, ಏರಿದ್ದರೆ ನೀರು. ಸೋರುತ್ತದೆಂದು ಮುಂಗಡವಾಗಿ ಹೆಚ್ಚು ತುಂಬಿಸುವುದು ತಪ್ಪು ಲೆಕ್ಕ, ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ. ಬಿಡಿ ಎಣ್ಣೆ ಒಂದು ಚೇಂಬರು ತುಂಬುವಷ್ಟು, ಒಂದು ಪೊಟ್ಟಣ ಎಪಾಕ್ಸಿ, ಪ್ರೆಶರ್ ಇಳಿದರೆ ಕೂಗುವ ಅಲಾರಂ ಕೆಲಸ ಮಾಡುವ ಸ್ಥಿತಿಯಲ್ಲಿ, ಇಷ್ಟು ಬೋಟಿನಲ್ಲಿರಬೇಕು. ಚೇಂಬರಿನಡಿ ಸಂದಿಗೆ ಹೋಗುವಂಥ ಒಂದು ಚಪ್ಪಟೆ ತಟ್ಟೆ ಇಟ್ಟರೆ ಸೋರಿದ್ದು ಬಿಲ್ಜಿನ ನೀರಿಗೆ ಸೇರದು, ಎಷ್ಟು ಸೋರಿತೆಂದು ಅಳೆಯಲೂ ಬರುತ್ತದೆ.

— ತಟ್ಟೆಯಲ್ಲಿ ಸೇರಿದ್ದನ್ನು, ಹೀರಿ ತೆಗೆದ ಹಳೆ ಎಣ್ಣೆಯನ್ನು ಕಡಲಿಗೆ ಸುರಿಯುವ ಅಭ್ಯಾಸವಿದೆ.

— ಇದೆ, ಮೇಲೆ ಸಾಬೂನು ನೀರು ಎರಚಿ ಬಣ್ಣದ ಪೊರೆ ಕಾಣದಂತೆ ಮಾಡುವ ಜಾಣತನವೂ ಇದೆ. ಎಣ್ಣೆ ಹೋಗುವುದಿಲ್ಲ, ಚೂರಾಗಿ ನೀರಿನೊಳಗೆ ಇಳಿಯುತ್ತದೆ, ಮೀನಿರುವ ಕಡೆಗೇ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಡಬ್ಬಿಯಲ್ಲಿ ದಡಕ್ಕೆ ತಂದು ಅಧಿಕೃತ ಮರುಬಳಕೆದಾರರಿಗೆ ತಲುಪುವಂತೆ ಕೊಡಬೇಕು.

— ಜೂನ್ ಬಂತು, ಎಂಜಿನ್ ಎತ್ತಿದರು. ತೇಪೆ ಗಟ್ಟಿಯಾಗಿಯೇ ಇದೆ. ಇನ್ನೊಂದು ವರ್ಷ ಬಿಟ್ಟರೆ?

— ಹೊರಗಿನ ತೇಪೆ ಗಟ್ಟಿಯಿರಬಹುದು, ಅದರ ಸುತ್ತಲಿನ ತಗಡು ಅಷ್ಟು ತಿಂಗಳೂ ಸವೆಯುತ್ತಲೇ ಇತ್ತು. ಎಂಜಿನ್ ಎತ್ತುವ ಖರ್ಚು ಆಗಿಹೋದ ಮೇಲೆ ಚೇಂಬರಿನ ಖರ್ಚು ಉಳಿಸುವುದರಲ್ಲಿ ಅರ್ಥವಿಲ್ಲ. ವೆಲ್ಡಿಂಗ್ ಮಾಡುವುದಿದ್ದರೆ ಎಪಾಕ್ಸಿಯನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ ಪೂರ್ತಿ ಕೆರೆದು ತೆಗೆಯಬೇಕು, ಸುಟ್ಟರೆ ಅದರ ಹೊಗೆ ವಿಷ. ಚೇಂಬರನ್ನು ಒಳಗೂ ಹೊರಗೂ ತೊಳೆದು, ತೂತಾದ ಭಾಗ ಕತ್ತರಿಸಿ ಹೊಸ ತಗಡು ಕೂರಿಸಿ, ನೀರು ತುಂಬಿಸಿ ಪರೀಕ್ಷಿಸಿ, ಒಣಗಿಸಿ, ಹೊರಮೈಗೆ ಸತುವಿನ ಪ್ರೈಮರ್ ಮತ್ತು ಎಪಾಕ್ಸಿ ಪೇಂಟ್. ಜಾಲರಿಯನ್ನೂ ಆಗಲೇ ತೆಗೆದು ನೋಡಬೇಕು, ತೇಪೆಯ ಚೂರು ಇದ್ದರೆ ಅಲ್ಲೇ ಸಿಗುತ್ತದೆ. ಎಂಜಿನ್ ಕೆಳಗಿಳಿಸುವ ಮುನ್ನ ಕಡಲನೀರಿನ ಪಂಪಿನ ಸೀಲು ಬದಲಿಸಿ, ಸ್ಟಫಿಂಗ್ ಬಾಕ್ಸಿನ ಹನಿ ಚೇಂಬರಿನ ಕಡೆ ಹರಿಯದಂತೆ ಬಿಲ್ಜಿನಲ್ಲಿ ಅಡ್ಡಪಟ್ಟಿ ಕೂರಿಸಿದರೆ ಹೊಸ ತಗಡಿನ ಮೇಲೆ ಉಪ್ಪುನೀರು ಬೀಳುವುದಿಲ್ಲ.